ಮನೆವಾರ್ತೆ: ಮಲಗಿದ ಮನೆಯಲ್ಲಿ ತಿಂದವರು ಯಾರು?

ಕಳೆದ ಸಂಚಿಕೆಯಲ್ಲಿ ಬೆಟ್ಟದ ನೆಲ್ಲಿಕಾಯಿ ಉಪ್ಪಿನಕಾಯಿಯ ವಿಚಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ನೆಲ್ಲಿಕಾಯಿ ಇನ್ನೊಂದು ಹದಿನೈದು ದಿನ ಉಪ್ಪಿನಲ್ಲಿ ನೆನೆಯಲಿ ಬಿಡಿ. ಈ ಸಲ ನಮ್ಮ ಮನೆಯಲ್ಲಿ ಒಂದು ಬಿಲ್ಲಿನಿಂದ ಆದ ರಾಮಾಯಣವನ್ನು ನಿಮ್ಮ ಮುಂದೆ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ. ನಿಮ್ಮ ಮನೆಯಲ್ಲೂ ಟಿ.ವಿ. ಪಕ್ಕದಲ್ಲಿ ಮಿಣಮಿಣ ದೀಪದ ವೈಫೈ ಪೆಟ್ಟಿಗೆ ಇದ್ದರೆ, ಒಲೆ ಸಣ್ಣಗೆ ಮಾಡಿ ಬಂದು ಕೂತು ಓದಿ, ಸೋದರಿಯರೇ.

ನಮ್ಮದು ತೆಂಗಿನ ತೋಟ ಕಡಿದು ಮಾಡಿದ ಹೊಸ ಬಡಾವಣೆ. ಇಂಟರ್‌ನೆಟ್ಟಿನ ಫೈಬರ್ ತಂತಿ ಬಸ್ ಸ್ಟ್ಯಾಂಡಿನವರೆಗೆ ಬಂದು ಅಲ್ಲೇ ನಿಂತಿದೆ, ನಮ್ಮ ಕಡೆಗೆ ಯಾವಾಗ ಬರುತ್ತೋ ದೇವರೇ ಬಲ್ಲ. ಹಾಗಾಗಿ ಯಜಮಾನರು ಸಿಮ್ ಹಾಕುವಂಥ ವೈಫೈ ಪೆಟ್ಟಿಗೆ ತಂದರು. ಮೊಬೈಲಿನ ಹಾಗೆಯೇ ಅದು ಟವರಿನಿಂದ ಸಿಗ್ನಲ್ ಹಿಡಿದು ಮನೆಯವರಿಗೆಲ್ಲ ಹಂಚುತ್ತದೆ. ಪೋಸ್ಟ್‌ಪೇಯ್ಡ್ ಯೋಜನೆ. ತಿಂಗಳಿಗೆ 499 ರೂಪಾಯಿಗೆ 75 ಜಿ.ಬಿ., ಅದರ ಮೇಲೆ ಒಂದೊಂದು ಜಿ.ಬಿ.ಗೂ 20 ರೂಪಾಯಿ. ಈ ‘ಅದರ ಮೇಲೆ’ ಅನ್ನೋ ಸಾಲು ಸಾಸಿವೆಕಾಳಿನಂಥ ಅಕ್ಷರದಲ್ಲಿತ್ತು. ನಾವೂ ಓದಲಿಲ್ಲ, ಅಂಗಡಿಯ ಹುಡುಗನೂ ಬಾಯಿಬಿಟ್ಟು ಹೇಳಲಿಲ್ಲ.

ಆರು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಜೂನ್ ತಿಂಗಳಲ್ಲಿ ನನ್ನ ನಾದಿನಿಯ ಮಗಳು ಇಲ್ಲಿಯ ಕಾಲೇಜಿಗೆ ಬಿ.ಕಾಂ. ಎರಡನೇ ವರ್ಷಕ್ಕೆ ಸೇರಿ ನಮ್ಮಲ್ಲಿಗೆ ಬಂದಳು. ಸೆಪ್ಟೆಂಬರಿನಲ್ಲಿ ಬಿಲ್ಲು ಬಂತು ನೋಡಿ, 1,320 ರೂಪಾಯಿ! ಕಣ್ಣು ಕತ್ತಲಿಟ್ಟಿತು. 31 ಜಿ.ಬಿ. ಹೆಚ್ಚು ಉಪಯೋಗಿಸಿದ್ದೀರಿ ಅಂತ 620 ರೂಪಾಯಿ, ಒಟ್ಟು ಮೊತ್ತದ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಬೇರೆ. ಯಾರು, ಯಾವಾಗ, ಏನಕ್ಕೆ ಉಪಯೋಗಿಸಿದರು ಅನ್ನೋದು ಬಿಲ್ಲಿನಲ್ಲಿ ಎಲ್ಲೂ ಇಲ್ಲ. ಹಾಲಿನವನಾದರೂ ಬರದ ದಿನ ಕ್ಯಾಲೆಂಡರಿನ ಮೇಲೆ ಗೀಟು ಹಾಕೋಕೆ ಒಪ್ಪುತ್ತಾನೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ ಜೇನಿನಂಥ ದನಿಯಲ್ಲಿ, “ಬಳಕೆ ನಿಮ್ಮ ಕಡೆಯಿಂದಲೇ ಆಗಿದೆ ಮೇಡಂ” ಅಂದಳು. ಅಷ್ಟೇ.

ನಿಮ್ಮ ಕಡೆಯಿಂದಲೇ ಅಂದರೆ ಯಾರು? ಮನೆಯಲ್ಲಿ ಇರೋದು ಐದು ಜನ. ಅತ್ತೆಯವರಿಗೆ ಎಪ್ಪತ್ತೆಂಟು. ಯಜಮಾನರು ರಾತ್ರಿ ಒಂಬತ್ತಕ್ಕೆ ಗೊರಕೆ. ಮಗನಿಗೆ ಎಸ್.ಎಸ್.ಎಲ್.ಸಿ., ಅವನ ಫೋನು ನನ್ನ ಬೀರುವಿನಲ್ಲಿ. ನಾನಂತೂ ಬೆಳಿಗ್ಗೆಯಿಂದ ಅಡುಗೆಮನೆ. ಇನ್ನು ಉಳಿದವಳು ಒಬ್ಬಳೇ ಅಲ್ಲವೇ? ರಾತ್ರಿ ಹನ್ನೊಂದರವರೆಗೆ ಕಿವಿಗೆ ವಯರು ಸಿಕ್ಕಿಸಿಕೊಂಡು ಯೂಟ್ಯೂಬಿನಲ್ಲಿ ಅಕೌಂಟೆನ್ಸಿ ಪಾಠ ಕೇಳುವವಳು. ಪಾಠವೋ, ಮತ್ತೊಂದೋ, ಯಾರು ಕಂಡರು?

ನಾನು ಕೇಳಿಯೇಬಿಟ್ಟೆ. ಕೇಳಿದ ರೀತಿಯನ್ನು ಇವತ್ತು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. “ರಾತ್ರಿಯೆಲ್ಲ ಏನಮ್ಮಾ ನೋಡ್ತೀಯ? ನಿಮ್ಮ ಮಾವನ ಸಂಬಳ ಮರದಲ್ಲಿ ಬಿಡುತ್ತಾ?” ಅಂದೆ, ಅದೂ ಅತ್ತೆಯವರ ಎದುರಿಗೆ. ಅವಳು ಒಂದು ಮಾತೂ ಆಡದೆ ತಲೆ ತಗ್ಗಿಸಿದಳು. ಅದನ್ನೇ ನಾನು ತಪ್ಪೊಪ್ಪಿಗೆ ಅಂದುಕೊಂಡೆ. ಮಾರನೆಯ ದಿನದಿಂದ ಅವಳು ನಮ್ಮ ವೈಫೈ ಮುಟ್ಟಲಿಲ್ಲ. ಅಮ್ಮ ಕೊಟ್ಟ ಕೈಖರ್ಚಿನಲ್ಲೇ ತನ್ನ ಮೊಬೈಲಿಗೆ ಡೇಟಾ ಹಾಕಿಸಿಕೊಂಡು, ಸಂಜೆ ಕಾಲೇಜಿನ ಲೈಬ್ರರಿ ಮುಚ್ಚುವವರೆಗೆ ಅಲ್ಲೇ ಕೂತು ಬರುತ್ತಿದ್ದಳು. ಹಾಸ್ಟೆಲಿಗೆ ಸೇರಿಸೋಣವೇ ಅಂತ ನಾದಿನಿ ಫೋನಿನಲ್ಲಿ ಕೇಳಿದಾಗ ನಾನು ‘ಬೇಡ’ ಅನ್ನೋದಕ್ಕೆ ಸ್ವಲ್ಪ ತಡ ಮಾಡಿದೆ. ಆ ತಡ ಅವರಿಗೆ ಅರ್ಥವಾಯಿತು.

ದಸರಾ ರಜೆಗೆ ಹುಡುಗಿ ಊರಿಗೆ ಹೋಗಿ ಹದಿನೈದು ದಿನ ಅಲ್ಲೇ ಇದ್ದಳು. ಅಕ್ಟೋಬರ್ ಬಿಲ್ಲು ಬಂತು. ಮೊದಲಿನದಕ್ಕಿಂತ ಜಾಸ್ತಿ. 1,391 ರೂಪಾಯಿ!

ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಹೋದ ದುಡ್ಡಿಗಿಂತ ಆಡಿದ ಮಾತು ಗಂಟಲಲ್ಲಿ ಕೂತಿತ್ತು.

ರಜೆ ಮುಗಿಸಿ ಬಂದವಳಿಗೆ ಬಿಲ್ಲು ತೋರಿಸಿ, “ನೀನೇ ನೋಡಮ್ಮ, ನನಗೆ ತಿಳಿಯೋದಿಲ್ಲ” ಅಂದೆ. ಇನ್ನೊಬ್ಬರಾಗಿದ್ದರೆ ನನಗೇಕೆ ಬಂತು ಅನ್ನುತ್ತಿದ್ದರು. ಅವಳು ವೈಫೈ ಪೆಟ್ಟಿಗೆಯನ್ನು ಬೋರಲು ಹಾಕಿ, ಕೆಳಗಿನ ಚೀಟಿಯಲ್ಲಿದ್ದ 192.168.1.1 ಎಂಬ ಅಂಕಿಗಳನ್ನು ಫೋನಿನ ಬ್ರೌಸರಿನಲ್ಲಿ ಹೊಡೆದಳು. ಪೆಟ್ಟಿಗೆಯದೇ ಒಂದು ಪುಟ ತೆರೆಯಿತು. (ಕೆಲವು ಪೆಟ್ಟಿಗೆಗಳಲ್ಲಿ ಈ ಅಂಕಿ ಸ್ವಲ್ಪ ಬೇರೆ ಇರುತ್ತದೆ, ಚೀಟಿ ನೋಡಿಕೊಳ್ಳಿ. ಅದರ ಪಾಸ್‌ವರ್ಡೂ ಅಲ್ಲೇ ಇರುತ್ತದೆ.) ಆ ಪುಟದಲ್ಲಿ ಲಕೋಟೆಯಂಥ ಒಂದು ಗುರುತು, ಪಕ್ಕದಲ್ಲಿ ‘ಓದದ ಸಂದೇಶಗಳು’ ಅಂತ. ಒತ್ತಿದರೆ ಸಾಲುಸಾಲಾಗಿ ಬಂದವು. ‘ನಿಮ್ಮ ಡೇಟಾದಲ್ಲಿ ಅರ್ಧ ಮುಗಿದಿದೆ’, ‘ನೂರಕ್ಕೆ 90 ಮುಗಿದಿದೆ’, ‘ಪೂರ್ತಿ ಮುಗಿದಿದೆ, ಇನ್ನು ಮುಂದೆ ಹೆಚ್ಚುವರಿ ದರ’. ಎರಡು ತಿಂಗಳದ್ದೂ ಇತ್ತು!

ಹೀಗೆ ಗ್ರಾಹಕರನ್ನು ಎಚ್ಚರಿಸಬೇಕೆಂದು ಟ್ರಾಯ್ ನಿಯಮ ಮಾಡಿದೆ. ಕಂಪನಿಯವರು ಎಚ್ಚರಿಸಿಯೂ ಇದ್ದರು. ಆದರೆ ಎಚ್ಚರಿಕೆ ಹೋದದ್ದು ಪೆಟ್ಟಿಗೆಯೊಳಗಿನ ಸಿಮ್ಮಿಗೆ! ಪೆಟ್ಟಿಗೆಗೆ ಕಣ್ಣಿದೆಯೇ, ಬಾಯಿದೆಯೇ? ಖಾಲಿ ಮನೆಯ ಬಾಗಿಲ ಸಂದಿಗೆ ಪೋಸ್ಟಿನವನು ಪತ್ರ ತೂರಿಸಿ ಹೋದ ಹಾಗಾಯಿತು. ನೀವು ಇವತ್ತೇ ಮಾಡಬೇಕಾದ ಕೆಲಸ ಇದು. ಕಂಪನಿಗೆ ಫೋನ್ ಮಾಡಿ, ‘ಎಚ್ಚರಿಕೆಯ ಸಂದೇಶಗಳು ನಮ್ಮ ಕೈಲಿರುವ ಈ ನಂಬರಿಗೆ ಬರಲಿ’ ಅಂತ ಬರೆಸಿಡಿ.

ಅದೇ ಪುಟದಲ್ಲಿ ಪೆಟ್ಟಿಗೆಗೆ ಯಾರ್ಯಾರು ಅಂಟಿಕೊಂಡಿದ್ದಾರೆ ಅನ್ನೋ ಪಟ್ಟಿಯೂ ಇತ್ತು. ನಾನು ಪಕ್ಕದ ಮನೆಯವರ ಮೇಲೂ ಒಂದು ಕಣ್ಣಿಟ್ಟಿದ್ದೆ, ಸುಳ್ಳು ಹೇಳುವುದಿಲ್ಲ. ಪರಕೀಯರು ಯಾರೂ ಇರಲಿಲ್ಲ. ನನ್ನ ಫೋನು, ಯಜಮಾನರ ಫೋನು, ಅವರ ಲ್ಯಾಪ್‌ಟಾಪು, ಆಮೇಲೆ ಟಿ.ವಿ.ಗೆ ಸಿಕ್ಕಿಸಿದ ಕಡ್ಡಿ, ಅಷ್ಟೇ. ಆದರೆ ಯಾವುದು ಎಷ್ಟು ತಿಂದಿತು ಅನ್ನೋ ಲೆಕ್ಕ ಇಲ್ಲ, ಒಟ್ಟು ಮಾತ್ರ ಇದೆ. ಹುಡುಗಿ ಒಂದು ಉಪಾಯ ಹೇಳಿದಳು. ಕರೆಂಟಿನ ಮೀಟರ್ ನೋಡುವ ಹಾಗೆ ರಾತ್ರಿ ಮಲಗುವಾಗ ಒಟ್ಟು ಬರೆದುಕೊಳ್ಳೋದು, ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ನೋಡೋದು.

ಮೊದಲನೆಯ ರಾತ್ರಿ ಹತ್ತೂವರೆಗೆ ಬರೆದೆವು. ಬೆಳಿಗ್ಗೆ ಐದಕ್ಕೆ ನೋಡಿದರೆ 1.4 ಜಿ.ಬಿ. ಏರಿತ್ತು, ಮನೆಯವರೆಲ್ಲ ಮಲಗಿರುವಾಗ! ಎರಡನೆಯ ರಾತ್ರಿ ಟಿ.ವಿ. ಕಡ್ಡಿಯ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಟ್ಟೆವು. ಬೆಳಿಗ್ಗೆ ನೋಡಿದರೆ ಕಾಲು ಜಿ.ಬಿ.ಯೂ ಏರಿರಲಿಲ್ಲ.

ಕಳ್ಳ ಸಿಕ್ಕಿದ. ಕಳ್ಳಿ ಅನ್ನಬೇಕು, ಯಾಕೆಂದರೆ ಅದು ನಾನೇ. ಅತ್ತೆಯವರು ರಾತ್ರಿ ಯೂಟ್ಯೂಬಿನಲ್ಲಿ ಹರಿಕಥೆ ಹಾಕಿಸಿಕೊಂಡು ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಾರೆ. ಆಮೇಲೆ ನಾನು ಹೋಗಿ ಟಿ.ವಿ. ರಿಮೋಟ್ ಒತ್ತಿ ಆರಿಸುತ್ತೇನೆ. ಪರದೆ ಕಪ್ಪಾಗುತ್ತದೆ. ಆದರೆ ಹಿಂದೆ ಸಿಕ್ಕಿಸಿದ ಕಡ್ಡಿಗೆ ಕರೆಂಟು ಬೇರೆ ಪ್ಲಗ್ಗಿನಿಂದ, ಟಿ.ವಿ. ಮಲಗಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಒಂದು ಹರಿಕಥೆ ಮುಗಿದರೆ ತಾನಾಗಿ ಇನ್ನೊಂದು. ಕೆಲವು ಗಂಟೆಗಳ ಮೇಲೆ ‘ಇನ್ನೂ ನೋಡುತ್ತಿದ್ದೀರಾ?’ ಅಂತ ಕೇಳಿ ನಿಲ್ಲುತ್ತದಂತೆ. ಯಾರನ್ನು ಕೇಳಿತೋ, ಕತ್ತಲೆಯನ್ನು! ಹೊಸ ಟಿ.ವಿ.ಗಳಲ್ಲಿ ಕೆಲವು ತಾವು ಮಲಗುವಾಗ ಕಡ್ಡಿಯನ್ನೂ ಮಲಗಿಸುತ್ತವೆ. ನಮ್ಮದು ಹಳೆಯದು. ಆಗಸ್ಟಿನಲ್ಲಿ ಈ ಕಡ್ಡಿ ತಂದವರೂ ನಾವೇ, ಗೌರಿಹಬ್ಬದ ಆಫರ್ ಅಂತ. ಬಿಲ್ಲು ಏರಿದ್ದೂ ಆಮೇಲಿನಿಂದಲೇ. ಆದರೆ ನನಗೆ ಕಂಡದ್ದು ಜೂನಿನಲ್ಲಿ ಬಂದ ಹುಡುಗಿ.

ವಿಡಿಯೋ ಅನ್ನೋದು ಎಷ್ಟು ತಿನ್ನುತ್ತದೆ ಅಂತ ನನಗೆ ಅಂದಾಜೇ ಇರಲಿಲ್ಲ. ಅಕ್ಷರ, ಫೋಟೋ ಇವೆಲ್ಲ ಒಗ್ಗರಣೆಯ ಎಣ್ಣೆ ಇದ್ದಂತೆ, ವಿಡಿಯೋ ಬೋಂಡಾ ಕರಿಯುವ ಬಾಣಲೆ. ಚಿತ್ರ ಸ್ಪಷ್ಟವಾದಷ್ಟೂ ಖರ್ಚು. ಒಳ್ಳೆಯ ಎಚ್.ಡಿ. ಸಿನಿಮಾ ಗಂಟೆಗೆ 3 ಜಿ.ಬಿ.ಯವರೆಗೆ ಎಳೆಯಬಹುದೆಂದು ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ. ಹರಿಕಥೆಗೆ ಎಚ್.ಡಿ. ಯಾಕೆ ಹೇಳಿ? ವಿಡಿಯೋದ ಕ್ವಾಲಿಟಿಯನ್ನು 360ಕ್ಕೋ 480ಕ್ಕೋ ಇಳಿಸಿದ್ದೇವೆ. ಅತ್ತೆಯವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ, ಅವರು ಕಣ್ಣು ಮುಚ್ಚಿಕೊಂಡೇ ಕೇಳುವವರು. ತಾನಾಗಿ ಮುಂದಿನದು ಶುರುವಾಗುವ ‘ಆಟೋಪ್ಲೇ’ಯನ್ನೂ ನಿಲ್ಲಿಸಿದೆವು.

ಇನ್ನೊಂದು ತೂತು ನನ್ನ ಫೋನಿನಲ್ಲೇ ಇತ್ತು. ಶ್ರಾವಣದಲ್ಲಿ ತವರಿನ ಮದುವೆಯಲ್ಲಿ ಧಾರೆ, ನಾಗೋಲೆ ಅಂತ ಒಂದು ಗಂಟೆಯಷ್ಟು ವಿಡಿಯೋ ಹಿಡಿದಿದ್ದೆ. ಮನೆಗೆ ಬಂದು ವೈಫೈ ಸಿಕ್ಕಿದ್ದೇ ತಡ, ಗೂಗಲ್ ಫೋಟೋಸ್ ಅಷ್ಟನ್ನೂ ಒಂದೊಂದಾಗಿ ಮೇಲಕ್ಕೆ ಕಳಿಸುತ್ತ ಕೂತಿತ್ತು. ಕೆಳಗಿಳಿದದ್ದು ಮಾತ್ರ ಲೆಕ್ಕ ಅಂದುಕೊಳ್ಳಬೇಡಿ, ನಮ್ಮಿಂದ ಹೋದದ್ದೂ ಲೆಕ್ಕವೇ. ಗೇಟಿಗೆ ಇಂಟರ್‌ನೆಟ್ ಕ್ಯಾಮೆರಾ ಹಾಕಿಸಿದವರು ಇದನ್ನು ಗಮನಿಸಬೇಕು.

ಎಲ್ಲಕ್ಕೂ ಮೂಲ ಏನೆಂದರೆ, ಫೋನಿಗೆ ವೈಫೈ ಅಂದರೆ ಪುಕ್ಕಟೆ ಅನ್ನೋ ನಂಬಿಕೆ. ‘ವೈಫೈ ಇದ್ದಾಗ ಮಾತ್ರ’ ಅಂತ ನಾವೇ ಒತ್ತಿರುತ್ತೇವೆ. ಸಿಸ್ಟಂ ಅಪ್‌ಡೇಟು, ಆ್ಯಪ್ ಅಪ್‌ಡೇಟು, ವಾಟ್ಸಾಪ್ ಬ್ಯಾಕಪ್ಪು, ಗುಂಪಿನಲ್ಲಿ ಬಂದ ಶುಭೋದಯದ ವಿಡಿಯೋಗಳು, ಎಲ್ಲವೂ ಮರ್ಯಾದೆಯಿಂದ ವೈಫೈಗೆ ಕಾದು ಆಮೇಲೆ ನುಗ್ಗುತ್ತವೆ. ಆ ವೈಫೈ ಹಿಂದೆ ದುಡ್ಡೆಣಿಸುವ ಸಿಮ್ ಇದೆ ಅಂತ ಫೋನಿಗೆ ಯಾರೂ ಹೇಳಿರುವುದಿಲ್ಲ. ನಾವು ಹೇಳಬಹುದು. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ ಒಳಗೆ ಹುಡುಕಿದರೆ ‘ಮೀಟರ್ಡ್’ ಎಂಬ ಆಯ್ಕೆ ಸಿಗುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ‘ಮೀಟರ್ಡ್ ಕನೆಕ್ಷನ್’ ಇದೆ. ಐಫೋನಿನಲ್ಲಿ ‘ಲೋ ಡೇಟಾ ಮೋಡ್’ ಅನ್ನುತ್ತಾರೆ. ಯಜಮಾನರ ಲ್ಯಾಪ್‌ಟಾಪಿಗೆ ಅದನ್ನು ಒತ್ತಿದ ಮೇಲೆ ಅದು ರಾತ್ರೋರಾತ್ರಿ ಅಪ್‌ಡೇಟ್ ಇಳಿಸಿಕೊಳ್ಳುವುದು ಬಿಟ್ಟಿದೆ. ವಾಟ್ಸಾಪಿನಲ್ಲಿ ವಿಡಿಯೋ ತಾನಾಗಿ ಇಳಿಯುವುದನ್ನು ಬೇರೆಯಾಗಿ ನಿಲ್ಲಿಸಬೇಕು.

ಫೋನಿನ ಲೆಕ್ಕಕ್ಕೂ ಬಿಲ್ಲಿನ ಲೆಕ್ಕಕ್ಕೂ ತಾಳೆಯಾಗಲಿಲ್ಲ ಅಂತ ಜಗಳಕ್ಕೆ ಹೋಗುವ ಮೊದಲು ತಾರೀಖು ನೋಡಿ. ಫೋನು ಸಾಮಾನ್ಯವಾಗಿ ಒಂದನೇ ತಾರೀಖಿನಿಂದ ಎಣಿಸುತ್ತದೆ, ನಮ್ಮ ಬಿಲ್ಲು 14ರಿಂದ ಮುಂದಿನ 13ಕ್ಕೆ. ನಾನು ಒಂದು ಇಡೀ ಭಾನುವಾರ ಇದರಲ್ಲೇ ತಲೆ ಕೆಡಿಸಿಕೊಂಡಿದ್ದೆ.

ದುಡ್ಡು ವಾಪಸ್ ಬಂತೇ ಅಂತ ಕೇಳುತ್ತೀರಿ. ಬರಲಿಲ್ಲ. ಎಚ್ಚರಿಕೆ ನಮ್ಮ ಕೈಸೇರಲಿಲ್ಲವೆಂದು ದೂರು ಬರೆಸಿದೆವು. ದೂರು ಬರೆಸಿದರೆ ಡಾಕೆಟ್ ನಂಬರ್ ಅಂತ ಒಂದು ಕೊಡಲೇಬೇಕು, ಕೇಳಿ ಬರೆದಿಟ್ಟುಕೊಳ್ಳಿ. ಉತ್ತರ ಒಪ್ಪಿಗೆಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು, ಅದಕ್ಕೆ ಫೀಸು ಇಲ್ಲ. ಟ್ರಾಯ್‌ನವರು ಒಬ್ಬೊಬ್ಬರ ದೂರನ್ನು ತಾವೇ ವಿಚಾರಣೆ ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ನಾವು ಮೇಲ್ಮನವಿಗೆ ಹೋಗಲಿಲ್ಲ. ಹರಿಕಥೆ ಓಡಿದ್ದು ನಿಜವೇ ಆದ್ದರಿಂದ ನನಗೇ ಬಾಯಿ ಬರಲಿಲ್ಲ. ಆದರೆ ಯೋಜನೆ ಬದಲಾಯಿಸಿದೆವು. ಕೋಟಾ ಮುಗಿದ ಮೇಲೆ ದುಡ್ಡು ಹಾಕದೆ ವೇಗ ಮಾತ್ರ ಕುಗ್ಗುವ ಯೋಜನೆಗಳೂ ಇವೆ. ಪ್ರೀಪೇಯ್ಡ್ ಆದರೆ ತುಂಬಿದ್ದಕ್ಕಿಂತ ಹೆಚ್ಚು ಕೇಳುವ ಪ್ರಶ್ನೆಯೇ ಇಲ್ಲ. ಹೊಸದಾಗಿ ಕೊಳ್ಳುವವರು ‘ಮುಗಿದ ಮೇಲೆ ಏನಾಗುತ್ತೆ?’ ಅಂತ ಕೇಳಿ ಆಮೇಲೆ ಸಹಿ ಹಾಕಿ.

ನವೆಂಬರಿನ ಬಿಲ್ಲು 589 ರೂಪಾಯಿ, ತೆರಿಗೆ ಸೇರಿ. ಎರಡು ಮೂರು ಜಿ.ಬಿ. ಎಲ್ಲಿ ಹೋಯಿತೋ ಇನ್ನೂ ಗೊತ್ತಾಗಿಲ್ಲ, ಹೋಗಲಿ.

ಹುಡುಗಿಗೆ ಹೇಳಬೇಕಾದ್ದನ್ನು ಅತ್ತೆಯವರ ಎದುರಿಗೇ ಹೇಳಿದೆ, ಯಾಕೆಂದರೆ ಬೈದದ್ದೂ ಅವರೆದುರಿಗೆ. “ಇರಲಿ ಬಿಡಿ ಅತ್ತೆ” ಅಂದಳು. ನಾದಿನಿಗೂ ಫೋನ್ ಮಾಡಿ, ಹಾಸ್ಟೆಲ್ಲು ಗೀಸ್ಟೆಲ್ಲು ಏನೂ ಬೇಡ ಅಂದೆ, ಈ ಸಲ ತಡ ಮಾಡದೆ. ಈಗ ರಾತ್ರಿ ಗ್ಯಾಸು ನೋಡಿ, ಹಿತ್ತಲ ಬಾಗಿಲು ಹಾಕಿ, ಕಡ್ಡಿಯ ಸ್ವಿಚ್ಚು ಆರಿಸಿ ಮಲಗುತ್ತೇನೆ. ಹಾಲಿನಲ್ಲಿ ಅವಳು ಓದುತ್ತಿರುತ್ತಾಳೆ. ನಾನು ಬಂದದ್ದು ಕಂಡರೆ ಈಗಲೂ ಕೈ ತಾನಾಗಿ ಫೋನಿನ ಕಡೆ ಹೋಗಿ ವೈಫೈ ಆರಿಸಿಬಿಡುತ್ತದೆ. “ಹಾಕ್ಕೊಳ್ಳೇ” ಅನ್ನುತ್ತೇನೆ. ಹಾಕಿಕೊಳ್ಳುತ್ತಾಳೆ.

ನೆಲ್ಲಿಕಾಯಿ ಮುಂದಿನ ಸಂಚಿಕೆಗೆ, ಖಂಡಿತ.