ಮನೆ ದುರಸ್ತಿಯ ಖರೀದಿಯೂ ಎಳೆಯ ಮಕ್ಕಳೂ

ಮಳೆಗಾಲ ಮುಗಿದು ದೀಪಾವಳಿ ಸಮೀಪಿಸುವ ಹೊತ್ತಿಗೆ ನಮ್ಮ ಕಡೆಯ ಮನೆಗಳಲ್ಲಿ ಸುಣ್ಣಬಣ್ಣದ ಮಾತು ಏಳುತ್ತದೆ. ಸೋರಿದ ಮಾಳಿಗೆ, ಉಬ್ಬಿದ ಗೋಡೆ, ಬಿರಿದ ನೆಲ ಎಲ್ಲವೂ ಆಗ ಒಮ್ಮೆಲೇ ಕಣ್ಣಿಗೆ ಬೀಳುತ್ತವೆ. ಪತಿಪತ್ನಿಯರಿಬ್ಬರೂ ದುಡಿಯುವ ಮನೆಗಳಲ್ಲಿ ಇದಕ್ಕೆಲ್ಲ ದೊರೆಯುವುದು ಭಾನುವಾರವೊಂದೇ. ಹೀಗಾಗಿ ಟೈಲ್ಸ್, ಬಣ್ಣ, ನಲ್ಲಿ, ಸಿಮೆಂಟುಗಳ ಅಂಗಡಿಗಳಲ್ಲಿ ಎಳೆಯ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಅಲೆಯುವ ದಂಪತಿಗಳನ್ನು ಇಂದು ಎಲ್ಲೆಡೆ ಕಾಣುತ್ತೇವೆ. ಇದು ಆರೋಗ್ಯ ವಿಭಾಗಕ್ಕೆ ಸಲ್ಲುವ ವಿಷಯವೇ ಎಂದು ಓದುಗ ಬಂಧುಗಳು ಕೇಳಬಹುದು. ಸಲ್ಲುತ್ತದೆಂದು ನಮಗೆ ತಿಳಿದದ್ದು ನಮ್ಮದೇ ತಪ್ಪಿನಿಂದ.

ಎರಡು ವರ್ಷಗಳ ಹಿಂದೆ ಹಳೆಯ ಮನೆಯ ಬಚ್ಚಲು ಹಾಗೂ ಅಡುಗೆಮನೆಗಳ ದುರಸ್ತಿಗೆಂದು ಮಗ, ಸೊಸೆ ಮತ್ತು ನಾಲ್ಕು ವರ್ಷದ ಮೊಮ್ಮಗಳೊಡನೆ ನಾವೂ ಹುಬ್ಬಳ್ಳಿಗೆ ಹೋಗಿದ್ದೆವು. ಬೆಳಗ್ಗೆ ಹತ್ತಕ್ಕೆ ಮೊದಲ ಅಂಗಡಿಯನ್ನು ಹೊಕ್ಕವರು ಮೂರನೆಯದರಿಂದ ಹೊರಬಿದ್ದಾಗ ಮಧ್ಯಾಹ್ನ ಮೂರೂವರೆಯಾಗಿತ್ತು. ಹನ್ನೊಂದಕ್ಕೇ ಮಗು ‘ಅಜ್ಜಾ, ಒಂದಕ್ಕೆ ಬಂದಿದೆ’ ಎಂದಿತ್ತು. ಸಾಲುಸಾಲಾಗಿ ಕಮೋಡುಗಳನ್ನು ಮಾರಾಟಕ್ಕಿಟ್ಟಿದ್ದ ಆ ಮಳಿಗೆಯಲ್ಲಿ ಗ್ರಾಹಕರು ಬಳಸಬಹುದಾದ ಶೌಚಾಲಯ ಒಂದೂ ಇರಲಿಲ್ಲ! ‘ಸ್ವಲ್ಪ ತಡಿ, ಇನ್ನೇನು ಮುಗೀತು’ ಎಂದವರು ನಾವೇ. ನೀರು ಕುಡಿದರೆ ಮತ್ತೆ ಅವಸರವಾದೀತೆಂದು ನೀರನ್ನೂ ಕೊಡಲಿಲ್ಲ. ಮಗು ಅತ್ತಾಗ ಕೈಗೆ ಮೊಬೈಲು ಕೊಟ್ಟು ಸುಮ್ಮನಾಗಿಸಿದೆವು. ಮೂರನೆಯ ದಿನ ಉರಿಮೂತ್ರ, ಚಳಿಜ್ವರ. ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಂಡಿತು. ಮಕ್ಕಳ ತಜ್ಞರಲ್ಲಿಗೆ ಒಯ್ದೆವು. ಅವರು ಕೊಟ್ಟ ಪ್ರತಿಜೀವಕ ಔಷಧಿಯಿಂದ ಗುಣವಾಯಿತು. ಅಂದಿನ ಆ ಕೆಲವು ಗಂಟೆಗಳೇ ಕಾರಣವೆಂದು ಖಚಿತವಾಗಿ ಹೇಳಲಾಗದು. ಆದರೆ ಮೂತ್ರವನ್ನು ತಡೆಯುವುದು, ನೀರು ಕಡಿಮೆ ಕುಡಿಯುವುದು ಇವೆರಡೂ ಮೂತ್ರದ ತೊಂದರೆಗೆ ದಾರಿ ಮಾಡುತ್ತವೆಂಬುದನ್ನು ಎರಡೂ ವೈದ್ಯಪದ್ಧತಿಗಳು ಒಪ್ಪುತ್ತವೆ.

ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಮಲಮೂತ್ರಗಳಷ್ಟೇ ಅಲ್ಲ, ಹಸಿವು, ನೀರಡಿಕೆ, ನಿದ್ರೆ, ಆಕಳಿಕೆ, ಕೊನೆಗೆ ಕಣ್ಣೀರೂ ಆ ಪಟ್ಟಿಯಲ್ಲಿದೆ. ಆ ದಿನ ಮೊಮ್ಮಗಳಿಂದ ಎಷ್ಟು ವೇಗಗಳನ್ನು ತಡೆಸಿದೆವೆಂದು ನಂತರ ಎಣಿಸಿದೆವು, ಐದು. ರೋಗಿಗಳಿಗೆ ಇದೇ ಅಧ್ಯಾಯವನ್ನು ದಶಕಗಳಿಂದ ವಿವರಿಸುತ್ತ ಬಂದ ನಮಗೆ ಅಂಗಡಿಯ ಬೆಳಕಿನಲ್ಲಿ ಅದರ ಒಂದಕ್ಷರವೂ ನೆನಪಾಗಲಿಲ್ಲ. ದೊಡ್ಡವರು ಹಸಿವನ್ನು ಒಂದು ಗಂಟೆ ಮುಂದೂಡಬಲ್ಲರು. ಮಗುವಿನ ಹೊಟ್ಟೆ ಚಿಕ್ಕದು, ಅದರ ಗಡಿಯಾರ ಬೇರೆ. ಅದು ಹಟವೆಂದು ನಮಗೆ ಕಾಣುವುದು ಬಹುಪಾಲು ಹಸಿವೋ ನಿದ್ದೆಯೋ ಆಗಿರುತ್ತದೆ.

ಇನ್ನು ಈ ಅಂಗಡಿಗಳ ಸರಕಿನ ವಿಷಯ. ಕಿರಾಣಿ ಅಂಗಡಿಯಲ್ಲಿ ಮಗು ಏನನ್ನಾದರೂ ಬಾಯಿಗಿಟ್ಟರೆ ಬೆಲ್ಲವಾದೀತು, ಇಲ್ಲಿ ಹಾಗಲ್ಲ. ಥಿನ್ನರ್, ಟರ್ಪೆಂಟೈನುಗಳನ್ನು ಬಿಡಿಯಾಗಿ ಅಳೆದು ನೀರಿನ ಹಳೆಯ ಬಾಟಲಿಗೆ ಸುರಿದುಕೊಡುವ ರೂಢಿಯುಂಟು. ಅದು ಹಾಗೆಯೇ ಕಾರಿನ ಹಿಂಬದಿ ಸೀಟಿಗೆ, ಮಗುವಿನ ಪಕ್ಕಕ್ಕೆ ಬರುತ್ತದೆ. ಬಾಯಾರಿದ ಮಗು ಅದನ್ನು ನೀರೆಂದೇ ತಿಳಿಯುತ್ತದೆ. ಹೀಗೆ ಕುಡಿದಾಗ ಬೆರಳು ಹಾಕಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಜನರ ಮೊದಲ ಪ್ರವೃತ್ತಿ. ದಯವಿಟ್ಟು ಹಾಗೆ ಮಾಡಬಾರದು. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಬಾಟಲಿಯನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಧಾವಿಸುವುದೊಂದೇ ಮಾರ್ಗ. ಮನೆಮದ್ದಿಗೆ, ನಮ್ಮ ಕಷಾಯಕ್ಕೂ, ಅಲ್ಲಿ ಎಡೆಯಿಲ್ಲ. ಟೈಲ್ಸ್ ತೊಳೆಯುವ ಆಸಿಡ್ ಕುಡಿದಾಗಲೂ ವಾಂತಿ ಮಾಡಿಸಬಾರದು. ಒಳಗಿಳಿಯುವಾಗ ಸುಟ್ಟದ್ದು ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ.

ಬಣ್ಣದ ಡಬ್ಬಿಯನ್ನು ಕೊಳ್ಳುವಾಗ ಬೆಲೆಯೊಡನೆ ಇನ್ನೊಂದನ್ನೂ ಓದಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ಕೇಂದ್ರ ಸರಕಾರದ 2016ರ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಆ ಮಾತು ಡಬ್ಬಿಯ ಮೇಲೆ ಅಚ್ಚಾಗಿರಬೇಕು. ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಸೀಸವನ್ನು ನಮ್ಮ ರಸಶಾಸ್ತ್ರವು ನಾಗವೆಂದು ಕರೆದು, ಶೋಧನೆಯಿಲ್ಲದೆ ಬಳಸಬಾರದೆಂದು ವಿಧಿಸಿದೆ. ನುಂಗಿದ ಸೀಸವನ್ನು ಎಳೆಯ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಬೆಳೆಯುವ ಮೆದುಳಿಗೆ ಮಾಡುವ ಹಾನಿ ಆರಂಭದಲ್ಲಿ ಹೊರಗೆ ಕಾಣುವುದೂ ಇಲ್ಲ. ಹಳೆಯ ಬಾಗಿಲು, ಕಿಟಕಿಗಳ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚಾದ್ದರಿಂದ ಅದನ್ನು ಒಣಗಿದಂತೆಯೇ ಕೆರೆದು ಧೂಳೆಬ್ಬಿಸದೆ, ನೀರು ಚಿಮುಕಿಸಿ ಕೆರೆಯಿಸಬೇಕು. ಆ ದಿನಗಳಲ್ಲಿ ಮಕ್ಕಳು ಅಜ್ಜಿಯ ಮನೆಯಲ್ಲಿರಲಿ.

ಮಕ್ಕಳನ್ನು ಒಯ್ಯಲೇಬಾರದೆಂದು ಹೇಳುವುದು ಸುಲಭ. ಕೂಡುಕುಟುಂಬ ಕರಗಿದ ಕಾಲದಲ್ಲಿ ಯಾರ ಬಳಿ ಬಿಟ್ಟು ಹೋಗಬೇಕೆಂದು ಸೊಸೆ ಕೇಳಿದರೆ ನಮ್ಮಲ್ಲಿ ಉತ್ತರವಿರುವುದಿಲ್ಲ. ಆದರೆ ಅಂಗಡಿಯಲ್ಲಿ ಕಳೆಯುವ ಹೊತ್ತನ್ನು ಮನೆಯಲ್ಲಿಯೇ ಕಡಿಮೆ ಮಾಡಿಕೊಳ್ಳಬಹುದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಗೆ ಎರಡಡಿ ಚೌಕದ ಟೈಲ್ಸ್ ಇಪ್ಪತ್ತೈದು ಬೇಕು. ಕತ್ತರಿಸುವಾಗ ಒಡೆಯುವುದಕ್ಕೆಂದು ಇನ್ನು ಮೂರು. ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋದವನಿಗೆ ಅಂಗಡಿಯಲ್ಲಿ ನಿಂತು ಗುಣಾಕಾರ ಮಾಡುವ ಕೆಲಸವಿಲ್ಲ. ಬಣ್ಣದ ಮಾದರಿ ಪುಸ್ತಕವನ್ನು ಮನೆಗೇ ತರಬಹುದು. ಮನೆಯ ಬೆಳಕಿನಲ್ಲಿ ನೋಡಿದ ಬಣ್ಣವೇ ನಿಜವಾದ ಬಣ್ಣವಲ್ಲವೆ? ಒಂದು ದಿನಕ್ಕೆ ಒಂದೇ ಅಂಗಡಿ, ಮಗು ಉಂಡು ಮಲಗಿ ಎದ್ದ ಮೇಲೆ, ಜೊತೆಗೆ ನೀರು. ತಂದೆತಾಯಿಯರಲ್ಲಿ ಒಬ್ಬರು ಸರಕನ್ನು ನೋಡಿದರೆ ಇನ್ನೊಬ್ಬರು ಮಗುವನ್ನೇ ನೋಡಬೇಕು. ಗೋಡೆಗೆ ಒರಗಿಸಿಟ್ಟ ಗ್ರಾನೈಟ್ ಹಲಗೆಗಳ ಬಳಿ ಮಗುವಿನ ಕೈಬಿಡುವುದು ಸರ್ವಥಾ ಸಲ್ಲದು.

ಅಂಗಡಿಕಾರರಲ್ಲಿ ಅನೇಕರು ಈ ಪತ್ರಿಕೆಯ ಓದುಗರೂ ಆಗಿದ್ದಾರೆ. ಲಕ್ಷಗಟ್ಟಲೆ ವ್ಯಾಪಾರ ಮಾಡಿಹೋಗುವ ಗ್ರಾಹಕನ ಮಗುವಿಗಾಗಿ ಒಂದು ಶೌಚಾಲಯದ ಬೀಗ ತೆರೆದಿಡುವುದು, ಒಂದು ಕೊಡ ಕುಡಿಯುವ ನೀರಿಡುವುದು ಅವರಿಗೆ ಭಾರವಾಗದು. ‘ಸಿಬ್ಬಂದಿಗೆ ಮಾತ್ರ’ ಎಂಬ ಫಲಕವನ್ನು ನಾಲ್ಕು ವರ್ಷದ ಮಗು ಓದಲಾರದು.

ನಮ್ಮ ಬಚ್ಚಲಿನ ಕೆಲಸ ಅರ್ಧಕ್ಕೆ ನಿಂತಿತ್ತು. ಮೊಮ್ಮಗಳು ಗುಣವಾದ ಮೇಲೆ ಮಗನೊಬ್ಬನೇ ಹೋಗಿ ನಾಲ್ಕು ಬಗೆಯ ಟೈಲ್ಸುಗಳನ್ನು ಮಾದರಿಗೆಂದು ತಂದನು. ಅಂಗಳದಲ್ಲಿ ಹಾಸಿ ನೀರು ಸುರಿದು, ಮಗುವಿನ ಕೈ ಹಿಡಿದುಕೊಂಡು ಒಂದೊಂದರ ಮೇಲೂ ಬರಿಗಾಲಲ್ಲಿ ನಡೆಸಿದೆವು. ಮೂರರ ಮೇಲೆ ಜಾರಿದಳು. ಜಾರದಿದ್ದದ್ದು ತೀರ ಅಗ್ಗದ, ಒರಟಾದ, ಸೊಸೆಗೆ ಅಷ್ಟೇನೂ ಹಿಡಿಸದ ಬೂದು ಬಣ್ಣದ್ದು. ಬಚ್ಚಲಿಗೆ ಅದನ್ನೇ ಹಾಕಿಸಿದೆವು.