ಬಿಳಿಯ ಆಕೃತಿಗೆ ಕೈಮುಗಿಯುವ ಮುನ್ನ

ಕಾದಂಬರಿಯೊಂದರ ಅಂತ್ಯವು ಅರ್ಥವಾಗದಿದ್ದಾಗ ಓದುಗನಿಗೆ ಎರಡು ಸುಲಭದ ದಾರಿಗಳುಂಟು: ಲೇಖಕನಿಗೆ ಮುಗಿಸಲು ತಿಳಿಯಲಿಲ್ಲವೆನ್ನುವುದು ಒಂದು; ಅದು ದೈವರಹಸ್ಯವೆಂದು ಕೈಮುಗಿಯುವುದು ಇನ್ನೊಂದು. ಎಡ್ಗರ್ ಅಲನ್ ಪೋ ಪೂರ್ಣಗೊಳಿಸಿದ ಏಕೈಕ ಕಾದಂಬರಿಗೆ, 1838ರಲ್ಲಿ ಪ್ರಕಟವಾದ ಆರ್ಥರ್ ಗಾರ್ಡನ್ ಪಿಮ್‌ನ ಭೀಕರ ವೃತ್ತಾಂತಕ್ಕೆ, ಈ ಎರಡು ಅನ್ಯಾಯಗಳೂ ಸಂದಿವೆ. ಎರಡನ್ನೂ ನಾನು ಒಪ್ಪಲಾರೆ.

ಕೊನೆಯ ದೃಶ್ಯವನ್ನು ನೆನೆಯೋಣ. ಪಿಮ್ ಮತ್ತು ಸಂಗಾತಿ ಪೀಟರ್ಸ್ ಸಣ್ಣ ದೋಣಿಯಲ್ಲಿ ದಕ್ಷಿಣ ಧ್ರುವದತ್ತ ಸೆಳೆದೊಯ್ಯಲ್ಪಡುತ್ತಿದ್ದಾರೆ. ಕಡಲು ಬಿಸಿಯಾಗಿ ಹಾಲಿನ ಬಣ್ಣ ತಳೆದಿದೆ. ಬೂದಿಯಂತಹ ಬಿಳಿಯ ಪುಡಿ ಸುರಿಯುತ್ತಿದೆ. ಎದುರಿನ ಆವಿಯ ತೆರೆ ಬಿರಿದು, ಮುಸುಕು ಹೊದ್ದ ಬೃಹತ್ ಮಾನವಾಕೃತಿಯೊಂದು ಗೋಚರಿಸುತ್ತದೆ. ಅದರ ಮೈಬಣ್ಣ ಹಿಮದಂತೆ ಅಚ್ಚಬಿಳುಪು. ಪಿಮ್‌ನ ಕಥನ ಅಲ್ಲಿಗೇ ನಿಲ್ಲುತ್ತದೆ.

ಇದು ದೇವರೆಂದು ಕೆಲವರು, ಮೋಕ್ಷವೆಂದು ಕೆಲವರು. ಇವರೆಲ್ಲರೂ ದೋಣಿಯಲ್ಲಿದ್ದ ಮೂರನೆಯವನನ್ನು ಮರೆಯುತ್ತಾರೆ. ಅವನು ನು-ನು, ತ್ಸಲಾಲ್ ದ್ವೀಪದಿಂದ ಸೆರೆಹಿಡಿದು ತಂದ ಕರಿಯ. ಆ ದ್ವೀಪದವರು ಬಿಳಿಯ ವಸ್ತುವನ್ನು ಕಂಡರೆ ನಡುಗುವವರು. ಹಡಗಿನವರನ್ನು ನಿಮ್ಮವರೇಕೆ ಕೊಂದರೆಂದು ಕೇಳಿದಾಗ ನು-ನು ಮಾತಾಡುವುದಿಲ್ಲ. ತುಟಿಯೆತ್ತಿ ತನ್ನ ಕಪ್ಪು ಹಲ್ಲುಗಳನ್ನು ತೋರಿಸುತ್ತಾನೆ. ಬಿಳಿಯ ಆಕೃತಿ ಕಾಣುವುದಕ್ಕೆ ತುಸು ಮುನ್ನ ಅವನು ಸತ್ತುಬಿದ್ದಿರುತ್ತಾನೆ. ಅವನ ಶವವನ್ನು ಬದಿಗೆ ಸರಿಸಿ ಕಾಣುವ ಮೋಕ್ಷವು ಯಾರ ಮೋಕ್ಷ?

ಪೋ ಬೆಳೆದದ್ದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ, ಮನುಷ್ಯರನ್ನು ಮೈಬಣ್ಣದ ಮೇಲೆ ಮಾರುತ್ತಿದ್ದ ಊರಿನಲ್ಲಿ. ಅಂಥಲ್ಲಿ ಬಿಳುಪು ಬರಿಯ ಬಣ್ಣವಾಗಿರಲು ಸಾಧ್ಯವೇ? ಟೋನಿ ಮಾರಿಸನ್ 1992ರ ತಮ್ಮ ವಿಮರ್ಶಾಗ್ರಂಥದಲ್ಲಿ ಇದೇ ಅಂತ್ಯವನ್ನು ಎತ್ತಿಕೊಂಡು, ಅಮೆರಿಕದ ಕಥನಗಳಲ್ಲಿ ಇಂತಹ ಬಿಳಿಯ ಪ್ರತಿಮೆಗಳು ಸತ್ತ ಅಥವಾ ಅಸಹಾಯಕ ಕರಿಯರ ಪಕ್ಕದಲ್ಲೇ ಮೂಡುತ್ತವೆಂದು ತೋರಿಸಿದರು.

ಪೋ ದಾಸ್ಯವಿರೋಧಿಯಾಗಿರಲಿಲ್ಲ, ಅವನ ಉದ್ದೇಶ ಇದಲ್ಲವೆಂದು ಆಕ್ಷೇಪಿಸಬಹುದು. ನಿಜ, ಅವನು ನು-ನುವಿನ ಪಕ್ಷದವನಲ್ಲ. ಆದರೆ ಲೇಖಕನು ಮರೆಮಾಚಲಾಗದ ಭಯವನ್ನು ಕೃತಿ ಹೊರಗೆಡಹುತ್ತದೆ. ಇನ್ನು ಅಂತ್ಯ ಅಪೂರ್ಣವೆನ್ನುವವರು ಕೃತಿಯ ಕಟ್ಟಕಡೆಯ ಟಿಪ್ಪಣಿಯನ್ನು ಓದಲಿ. ಉಳಿದ ಅಧ್ಯಾಯಗಳು ಕಳೆದುಹೋದವೆಂದು ಹೇಳುವ ಆ ಕಲ್ಪಿತ ಸಂಪಾದಕನೇ ತ್ಸಲಾಲ್‌ನ ಕಂದರಗಳ ಆಕಾರವನ್ನು ಲಿಪಿಯಾಗಿ ಓದಿ, ಕತ್ತಲು, ಬಿಳುಪು, ದಕ್ಷಿಣ ಎಂಬ ಅರ್ಥಗಳನ್ನು ಹೊರತೆಗೆಯುತ್ತಾನೆ. ಬೀಗದ ಕೈಯನ್ನು ಬಾಗಿಲಲ್ಲೇ ಇಟ್ಟುಹೋದವನನ್ನು ಮನೆ ಕಟ್ಟಿ ಮುಗಿಸದವನೆಂದು ದೂರುವುದು ಸಲ್ಲದು.

ಗಡಿಯಲ್ಲಿ ಬಾಳುವ ನಮಗೆ, ಮಾತಾಡದವನ ಮೌನವನ್ನು ಇತರರು ತಮಗೆ ಬೇಕಾದಂತೆ ಓದಿಕೊಳ್ಳುವುದೇನೆಂಬುದು ತಿಳಿಯದ್ದಲ್ಲ. ಆದ್ದರಿಂದ ಸಹೃದಯರಲ್ಲಿ ನನ್ನ ವಿನಂತಿ ಇಷ್ಟೇ: ಬೆಳಗುವ ಆಕೃತಿಯನ್ನು ಅರ್ಥೈಸುವ ಮುನ್ನ, ದೋಣಿಯ ತಳದಲ್ಲಿ ಬಿದ್ದವನತ್ತ ಒಮ್ಮೆ ನೋಡಿರಿ.