ನಾಲ್ಕನೆಯ ಸೀಟು

ಮುಂಬೈ ಲೋಕಲ್ ರೈಲಿನ ಸೆಕೆಂಡ್ ಕ್ಲಾಸ್ ಡಬ್ಬಿಯಲ್ಲಿ ಬೆಂಚು ಇರುವುದು ಮೂವರಿಗೆ, ಕೂರುವುದು ನಾಲ್ವರು. ಈ ನಾಲ್ಕನೆಯ ಸೀಟು ರೈಲ್ವೆಯ ಯಾವ ಲೆಕ್ಕದಲ್ಲೂ ಇಲ್ಲ. ಅಲ್ಲಿ ಕೂತವನ ಅರ್ಧ ಮೈ ಬೆಂಚಿನ ಮೇಲೆ, ಇನ್ನರ್ಧ ನಡುದಾರಿಯಲ್ಲಿ. ಆದರೂ ನಿಂತವನು ಕೈಯಲ್ಲಿ ಸಣ್ಣದೊಂದು ಸನ್ನೆ ಮಾಡಿದರೆ ಸಾಕು, ಕೂತ ಮೂವರೂ ಪೇಪರಿನಿಂದ ಕಣ್ಣೆತ್ತದೆ ಕಿಟಕಿಯ ಕಡೆಗೆ ಒತ್ತರಿಸಿಕೊಳ್ಳುತ್ತಾರೆ. ಜಾಗ ಕೊಟ್ಟವರು ಉಪಕಾರ ಮಾಡಿದೆವೆಂದುಕೊಳ್ಳುವುದಿಲ್ಲ, ಪಡೆದವನು ಥ್ಯಾಂಕ್ಸ್ ಹೇಳುವುದೂ ಇಲ್ಲ. ಊರಿನಿಂದ ಹೊಸದಾಗಿ ಬಂದವರು ಮೊದಲ ವಾರದಲ್ಲೇ ಕಲಿಯುವ ಪಾಠ ಇದು.

ಮುಂಬೈಯಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಮಾತು 'ಟೈಮ್ ಇಲ್ಲ'. ಗೆಳೆಯರನ್ನು ಕಾಣಲು ಟೈಮ್ ಇಲ್ಲ, ನಾಟಕಕ್ಕೆ ಹೋಗಲು ಟೈಮ್ ಇಲ್ಲ, ಸುಮ್ಮನೆ ಕೂರಲಂತೂ ಇಲ್ಲವೇ ಇಲ್ಲ. ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ ನಿಜ. ಈ ಊರಿನ ಜನ ಸಮಯವನ್ನು ಎಲ್ಲಿಂದಾದರೂ ಹೊಂಚಿಕೊಂಡು ಬಿಡುವು ಮಾಡಿಕೊಳ್ಳುವುದರಲ್ಲಿ ನಿಸ್ಸೀಮರು. ಅವರಿಗೆ ನಿಜವಾಗಿ ಕೊರತೆ ಇರುವುದು ಆ ಬಿಡುವನ್ನು ಇಟ್ಟುಕೊಳ್ಳಲು ಬೇಕಾದ ಜಾಗದ್ದು.

ಲೆಕ್ಕ ನೋಡಿ. ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ. ವರ್ಷಕ್ಕೆ 280 ದಿನ ದುಡಿದರೆ 700 ಗಂಟೆ. 30 ವರ್ಷದ ನೌಕರಿಯಲ್ಲಿ 21,000 ಗಂಟೆ, ಅಂದರೆ ಹಗಲು ರಾತ್ರಿ ಸೇರಿಸಿ ಎರಡು ವರ್ಷಕ್ಕೂ ಮಿಕ್ಕಿದ ಬದುಕು ರೈಲಿನಲ್ಲೇ. ಬೇರೆ ಊರಿನವರು ಇದನ್ನು ದಂಡವಾದ ಕಾಲ ಎಂದು ಬರೆದಿಟ್ಟಾರು. ಮುಂಬೈಯವರು ಅದರಲ್ಲೊಂದು ಸಂಸಾರವನ್ನೇ ಹೂಡಿದರು. ಇಲ್ಲಿ ಲೋಕಲ್ ಗಾಡಿಯನ್ನು ಹೆಸರಿನಿಂದಲ್ಲ, ಸಮಯದಿಂದ ಗುರುತಿಸುತ್ತಾರೆ. 8:14ರ ಗಾಡಿ, ಮುಂದಿನಿಂದ ಮೂರನೆಯ ಡಬ್ಬಿ, ಎರಡನೆಯ ಬಾಗಿಲು ಎಂದರೆ ಅದೊಂದು ವಿಳಾಸ. ಆ ವಿಳಾಸದಲ್ಲಿ ಇಸ್ಪೀಟು ನಡೆಯುತ್ತದೆ. ತಾಳ ಹಿಡಿದ ಭಜನಾ ಮಂಡಳಿ ಹಾಡುತ್ತದೆ. ಹೆಂಗಸರ ಡಬ್ಬಿಯಲ್ಲಿ ರಾತ್ರಿಯ ಅಡಿಗೆಗೆ ಬೇಕಾದ ಬೀನ್ಸ್ ಕಲ್ಯಾಣ ಬರುವಷ್ಟರಲ್ಲಿ ಹೆಚ್ಚಿ ಮುಗಿದಿರುತ್ತದೆ. ದಸರೆಯ ಹೊತ್ತಿಗೆ ಚೆಂಡುಹೂವಿನ ಮಾಲೆ ಕಟ್ಟಿ, ಪೂಜೆ ಮಾಡಿ, ಪೇಡೆ ಹಂಚುತ್ತಾರೆ. ಮಗಳ ಮದುವೆಗೆ ಕರೆಯುವ ಪಟ್ಟಿಯಲ್ಲಿ ರೈಲಿನ ಗ್ರೂಪಿಗೆ ಬೇರೆಯೇ ಒಂದು ಸಾಲು ಇರುತ್ತದೆ. ಹತ್ತು ವರ್ಷ ಜೊತೆಗೆ ಕೂತವನ ಮನೆ ಯಾವ ಗಲ್ಲಿಯಲ್ಲಿದೆ ಎಂಬುದು ತಿಳಿಯದಿರಬಹುದು. ಅವನ ಸಕ್ಕರೆ ಕಾಯಿಲೆಯ ಔಷಧದ ಹೆಸರು ಗೊತ್ತಿರುತ್ತದೆ.

ಮುಂಬೈ ಕನ್ನಡಿಗರ ಚರಿತ್ರೆಯೂ ಇದೇ ನಾಲ್ಕನೆಯ ಸೀಟಿನದು. ಕರಾವಳಿಯಿಂದ ಬಂದ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆದು, ಮಾಣಿಗಳಾಗಿ, ಮುಂದೆ ಗಲ್ಲೆಯಲ್ಲಿ ಕೂತವರಾದರು. ಅವರಿಗೆ ಮನೆ ಇರಲಿಲ್ಲ, ಹೋಟೆಲೇ ಮನೆ. ರಾತ್ರಿ ಗಿರಾಕಿಗಳು ಹೋದ ಮೇಲೆ ಮೇಜು ಸರಿಸಿ ಅಲ್ಲೇ ಮಲಗುವುದು. ಬಿಡುವು ಎಂಬ ಶಬ್ದವೇ ಇಲ್ಲದ ಆ ಬಾಳಿನ ಸಂಜೆಗಳಲ್ಲಿ ಎರಡು ಮೂರು ಗಂಟೆ ಕಿತ್ತುಕೊಂಡು ಅವರು ಕನ್ನಡ ರಾತ್ರಿ ಶಾಲೆಗಳಿಗೆ ಹೋದರು. ಫೋರ್ಟ್ ಪರಿಸರದ ಮೊಗವೀರ, ಗುರುನಾರಾಯಣ ಮೊದಲಾದ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ದುಡಿದು ಬಂದ ಹುಡುಗರು ತೂಕಡಿಸುತ್ತಲೇ ಮೆಟ್ರಿಕ್ ಪಾಸಾದರು. ಮುಂದೆ ಬ್ಯಾಂಕು ಸೇರಿದವರು, ವಕೀಲರಾದವರು, ಲೇಖಕರಾದವರು, ಸ್ವಂತ ಹೋಟೆಲು ಇಟ್ಟವರು ಅವರಲ್ಲಿದ್ದರು. ಆ ಶಾಲೆಗಳು ಕಲಿಸಿದ್ದು ಅಕ್ಷರ ಮಾತ್ರವಲ್ಲ. ಶಾಲೆ ಬಿಟ್ಟ ಮೇಲೆ ಬೀದಿಯ ಮೂಲೆಯಲ್ಲಿ ನಿಂತು ಆಡಿದ ಮಾತು, ವಾರ್ಷಿಕೋತ್ಸವದ ನಾಟಕ, ಯಕ್ಷಗಾನದ ಅಭ್ಯಾಸ, ಕೈಬರಹದ ಪತ್ರಿಕೆ ಇವೆಲ್ಲ ಅದೇ ಎರಡು ಗಂಟೆಗಳ ಸಂತಾನ.

ಹಾಗೆ ನೋಡಿದರೆ ಉಡುಪಿ ಹೋಟೆಲಿನ ಊಟದ ಮೇಜೂ ಇನ್ನೊಂದು ಬೆಂಚೇ. ಮಾಟುಂಗಾ ಸ್ಟೇಷನ್ ಪಕ್ಕದಲ್ಲಿ 1942ರಲ್ಲಿ ರಾಮಾ ನಾಯಕರು ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಕಡೆ ನಾಲ್ಕು ಕುರ್ಚಿಯ ಮೇಜಿಗೆ ನಾಲ್ಕು ಬೇರೆ ಬೇರೆ ಜನ ಬಂದು ಕೂರುವುದು ಸಹಜ. ಎದುರಿಗೆ ಕೂತ ಗುಜರಾತಿ ವ್ಯಾಪಾರಿ ಮೊದಲ ಸಲ ಸಾರು ಕುಡಿಯುತ್ತಿರುವವನನ್ನು ನೋಡಿ ಅದನ್ನು ಅನ್ನಕ್ಕೆ ಕಲಸುವುದು ಹೇಗೆಂದು ತೋರಿಸಿಯಾನು. ಮೇಜು ಹಂಚಿಕೊಳ್ಳುವುದು ಇಲ್ಲಿ ಔದಾರ್ಯದ ವಿಷಯವಲ್ಲ, ಜಾಗ ಸಾಲದ ಊರಿನ ನಡವಳಿಕೆ. ಈ ನಡವಳಿಕೆಯ ಬಿಸಿ ತಟ್ಟಿದ್ದರಿಂದಲೇ ಕನ್ನಡದ ಬಹಳ ಒಳ್ಳೆಯ ಕತೆಗಳು ಮುಂಬೈಯಲ್ಲಿ ಹುಟ್ಟಿದವು. 1979ರಲ್ಲಿ ಬಂದ ಯಶವಂತ ಚಿತ್ತಾಲರ 'ಶಿಕಾರಿ' ಆಫೀಸೆಂಬ ಕಾಡಿನಲ್ಲಿ ಒಬ್ಬಂಟಿಯಾದವನ ಕಥೆ. ಔಷಧ ಕಂಪನಿಯಲ್ಲಿ ದುಡಿಯುತ್ತ ಈ ಊರಿನಲ್ಲಿ ಬಾಳಿದ ಜಯಂತ ಕಾಯ್ಕಿಣಿಯವರ ಕತೆಗಳಲ್ಲಿ ಅಪರಿಚಿತರು ಒಬ್ಬರಿಗೊಬ್ಬರು ಜಾಗ ಮಾಡಿಕೊಡುತ್ತಾರೆ. ಒಂದೇ ಊರಿನ ಎರಡು ಮುಖ ಇವು, ಎರಡೂ ನಿಜ.

ಇಷ್ಟು ಹೇಳಿದರೆ ಕಷ್ಟಕ್ಕೆ ಹೂ ಮುಡಿಸಿದಂತಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಬರಲೇಬೇಕು. ಕೋವಿಡ್‌ಗೆ ಮುಂಚೆ ದಿನಕ್ಕೆ ಸುಮಾರು 75 ಲಕ್ಷ ಜನ ಹತ್ತಿಳಿಯುತ್ತಿದ್ದ ರೈಲು ಇದು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ ಎದುರುಬದುರಾಗಿ ಹೋದ ಎರಡು ಗಾಡಿಗಳ ಬಾಗಿಲಲ್ಲಿ ಜೋತುಬಿದ್ದವರು ಕೆಳಗೆ ಬಿದ್ದು ಸತ್ತರು. ಅವರು ಹೊರಟಿದ್ದೂ ಕೆಲಸಕ್ಕೇ. ಬಾಗಿಲಲ್ಲಿ ನೇತಾಡುವವನಿಗೆ ನಾಲ್ಕನೆಯ ಸೀಟಿನ ಸೌಜನ್ಯದ ಕತೆ ಹೇಳುವುದು ಕ್ರೌರ್ಯ. ರೈಲಿನ ಗ್ರೂಪುಗಳೂ ಎಲ್ಲ ಹೊತ್ತಿನಲ್ಲೂ ಸಜ್ಜನರಲ್ಲ. ಕರವಸ್ತ್ರ ಎಸೆದು ಬೆಂಚು ಹಿಡಿಯುವುದು, ಹೊಸಬರನ್ನು ದಬಾಯಿಸುವುದು, ನಡುವಿನ ಸ್ಟೇಷನ್ನಿನಲ್ಲಿ ಹತ್ತುವವರಿಗೆ ಬಾಗಿಲು ಅಡ್ಡಗಟ್ಟುವುದು, ಇವೂ ಅಲ್ಲೇ ನಡೆಯುತ್ತವೆ. 1992ರಲ್ಲಿ ಪಶ್ಚಿಮ ರೈಲ್ವೆ ಲೇಡೀಸ್ ಸ್ಪೆಷಲ್ ಗಾಡಿ ಬಿಡಬೇಕಾಗಿ ಬಂತೆಂದರೆ ಉಳಿದ ಗಾಡಿಗಳು ಹೆಂಗಸರಿಗೆ ಎಷ್ಟು ಜಾಗ ಕೊಟ್ಟಿದ್ದವು ಎಂಬುದು ತಿಳಿಯುತ್ತದೆ. 2017ರ ಕ್ರಿಸ್‌ಮಸ್ ದಿನ ಓಡತೊಡಗಿದ ಎಸಿ ಲೋಕಲ್ ಬೇಕು. ಬಾಗಿಲು ಮುಚ್ಚುವ ಗಾಡಿಗಳು ಎಲ್ಲರಿಗೂ ಎಟಕುವ ದರದಲ್ಲಿ ಇನ್ನೂ ಬೇಕು. ಮೆಟ್ರೋ ಬೇಕು.

ಚಾಳಿನ ವಿಷಯದಲ್ಲೂ ಹೀಗೆಯೇ. ನೂರು ವರ್ಷ ಹಳೆಯ ಬಿಡಿಡಿ ಚಾಳುಗಳಲ್ಲಿ ಒಂದು ಸಂಸಾರಕ್ಕೆ 160 ಚದರ ಅಡಿಯ ಖೋಲಿ, ಇಡೀ ಮಾಳಿಗೆಗೆ ಸೇರಿ ಪಾಯಖಾನೆ. 2025ರ ಆಗಸ್ಟ್‌ನಲ್ಲಿ ವರ್ಲಿಯಲ್ಲಿ ಮೊದಲ ತಂಡದ ಕುಟುಂಬಗಳ ಕೈಗೆ 500 ಚದರ ಅಡಿಯ ಹೊಸ ಮನೆಗಳ ಕೀಲಿ ಬಂತು. ಮನೆಯೊಳಗೇ ಬಚ್ಚಲು ಕಂಡ ಅಜ್ಜಿಯ ಎದುರು ನಿಂತು, ಚಾಳಿನ ಗ್ಯಾಲರಿಯಲ್ಲಿ ಎಷ್ಟು ಚೆನ್ನಾಗಿ ಹರಟೆ ನಡೆಯುತ್ತಿತ್ತು ಎಂದು ಹಲುಬುವ ಹಕ್ಕು ಅಲ್ಲಿ ಬಾಳದವರಿಗೆ ಇಲ್ಲ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಗ್ಯಾಲರಿ ಹೋಯಿತು, ಅದರ ಬದಲಿಗೆ ಏನು ಬಂತು? ಮನೆಗಳನ್ನು ಚದರ ಅಡಿಯಲ್ಲಿ ಅಳೆದು ಕೊಡುತ್ತಾರೆ. ಗ್ಯಾಲರಿಯನ್ನು ಯಾರೂ ಅಳೆದಿರಲಿಲ್ಲ, ಹಾಗಾಗಿ ಅದು ಕಳೆದುಹೋದದ್ದೂ ಯಾವ ಲೆಕ್ಕಕ್ಕೆ ಬರಲಿಲ್ಲ. ಮುಂಬೈ ಕಳೆದ ನಾಲ್ಕು ದಶಕಗಳಲ್ಲಿ ಮಾಡಿಕೊಂಡ ದೊಡ್ಡ ತಪ್ಪು ಇದೇ ಬಗೆಯದು. 1982ರ ಜನವರಿ 18ರಂದು ಶುರುವಾದ ಗಿರಣಿ ಮುಷ್ಕರದ ನಂತರ ಬಟ್ಟೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನಡುಪೇಟೆಯಲ್ಲಿ ನೂರಾರು ಎಕರೆ ತೆರವಾಗುವ ಹಾಗಾಯಿತು. 1991ರ ನಿಯಮ ಆ ಜಾಗದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ನಗರಪಾಲಿಕೆಯ ಮೂಲಕ ಬಯಲಿಗೂ ಸಾರ್ವಜನಿಕ ಬಳಕೆಗೂ, ಇನ್ನೊಂದು ಪಾಲು ಬಡವರ ವಸತಿಗೂ ಹೋಗಬೇಕೆಂದಿತ್ತು. 2001ರ ತಿದ್ದುಪಡಿ ಆ ಲೆಕ್ಕವನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಇಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಊರಿಗೆ ಬರಬೇಕಿದ್ದ ಬಯಲು ಚೂರುಪಾರಾಯಿತು. ಲೋವರ್ ಪರೇಲ್‌ನ ಫೀನಿಕ್ಸ್ ಗಿರಣಿ ಇದ್ದಲ್ಲಿ ಈಗ ಮಾಲ್ ಇದೆ. ಅಲ್ಲಿ ಕೂರಬಹುದು, ಕಾಫಿ ಕೊಂಡರೆ.

ಬಿಲ್ಲು ಕೇಳದ ಜಾಗ ಇಲ್ಲವೆಂದಲ್ಲ. ಮರೀನ್ ಡ್ರೈವ್‌ನ ಉದ್ದನೆಯ ಗೋಡೆ ಇದೆ. ದಾದರ್‌ನ ಶಿವಾಜಿ ಪಾರ್ಕಿನ ಸುತ್ತ ಕಿಲೋಮೀಟರಿಗೂ ಮಿಕ್ಕಿದ ಗಿಡ್ಡ ಗೋಡೆ ಇದೆ. ಮರಾಠಿಯವರು ಅದನ್ನು 'ಕಟ್ಟಾ' ಎನ್ನುತ್ತಾರೆ, ಕನ್ನಡದವರ ಕಿವಿಗೆ ಅದು ಅಶ್ವತ್ಥ ಮರದ ಬುಡದ ಕಟ್ಟೆಯೇ. ಸಂಜೆ ಅಲ್ಲಿ ಪ್ರೇಮಿಗಳು, ಪೆನ್ಷನ್ ಪಡೆಯುವವರು, ಕ್ರಿಕೆಟ್ ಆಡಿ ದಣಿದ ಹುಡುಗರು ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಆದರೆ ಕಲ್ಯಾಣ, ಭಾಯಂದರ್, ನಾಲಾಸೋಪಾರಾಗಳಲ್ಲಿ ಇರುವವರು ಕಟ್ಟೆಯ ಮೇಲೆ ಅರ್ಧ ಗಂಟೆ ಕೂರಲು ದಾದರ್‌ಗೆ ಬರಲಾರರು. ದುಡಿಯುವವರ ಮನೆಗಳು ಉತ್ತರಕ್ಕೂ ಪೂರ್ವಕ್ಕೂ ಸರಿಯುತ್ತ ಹೋದವು, ಕಟ್ಟೆಗಳು ದಕ್ಷಿಣದಲ್ಲೇ ಉಳಿದವು. ನಡುವೆ ಅವರಿಗಿದ್ದ ಕಟ್ಟೆಯೆಂದರೆ ರೈಲು.

ಇದರ ಪೆಟ್ಟು ನಿಚ್ಚಳವಾಗಿ ಕಾಣುವುದು ನಿವೃತ್ತಿಯಾದವರಲ್ಲಿ. ಮೂವತ್ತು ವರ್ಷ ಒಂದೇ ಗಾಡಿ ಹಿಡಿದ ಗುಮಾಸ್ತನಿಗೆ ಆಫೀಸಿನಲ್ಲಿ ಹಾರ ಹಾಕಿ, ಗಡಿಯಾರ ಕೊಟ್ಟು ಕಳಿಸುತ್ತಾರೆ. ಆ ತಿಂಗಳ ಕೊನೆಗೆ ರೈಲಿನ ಪಾಸು ಮುಗಿಯುತ್ತದೆ. ಪಾಸಿನ ಜೊತೆಗೆ ಗೆಳೆತನದ ವಿಳಾಸವೂ ಮುಗಿಯಿತೆಂದು ಅವನಿಗೆ ಅರಿವಾಗುವುದು ಕೆಲವು ವಾರ ಕಳೆದ ಮೇಲೆ. ಗೆಳೆಯರು ಫೋನ್ ಮಾಡುತ್ತಾರೆ, ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರ ಕಳಿಸುತ್ತಾರೆ. ಅವರೆಲ್ಲ ಈಗಲೂ 8:14ರಲ್ಲಿದ್ದಾರೆ, ಇವನು ಹನ್ನೊಂದನೆಯ ಮಹಡಿಯಲ್ಲಿ. ಜೀವಮಾನವೆಲ್ಲ ಟೈಮ್ ಇಲ್ಲ ಎಂದವನ ಕೈಯಲ್ಲಿ ಈಗ ಬೇಕಾದಷ್ಟು ಟೈಮ್ ಇದೆ, ಹೋಗಿ ಕೂರಲು ಜಾಗ ಇಲ್ಲ. ಮನೆಯಿಂದಲೇ ಕೆಲಸ ಮಾಡುವ ಇಪ್ಪತ್ತೈದರ ಹುಡುಗಿಯ ಪಾಡೂ ಬಹಳ ಬೇರೆಯಲ್ಲ. ಅವಳಿಗೆ ದಿನಕ್ಕೆ ಎರಡೂವರೆ ಗಂಟೆ ಉಳಿಯಿತು. ಅದನ್ನು ಆಫೀಸು ಮೆತ್ತಗೆ ತನ್ನ ಕಡೆ ಎಳೆದುಕೊಂಡಿತು.

ಮುಂಬೈಯ ಕನ್ನಡ ಸಂಘಗಳು ನೆನಪಾಗಬೇಕಾದದ್ದು ಇಲ್ಲಿ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮಾಟುಂಗಾದಲ್ಲಿ ಆರಂಭವಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಉಪನಗರಗಳ ಹತ್ತಾರು ಸಂಘಗಳು. ಇಂಥ ಸಂಘಗಳನ್ನು ಕಟ್ಟಿ ಬೆಳೆಸಿದವರಲ್ಲಿ ಬಿಡುವೇ ಇಲ್ಲದವರು ಬಹಳ. ಚದರ ಅಡಿಗೆ ಚಿನ್ನದ ಬೆಲೆ ಇರುವ ಊರಿನಲ್ಲಿ ಅವರು ಮುಂದಿನವರಿಗೆ ಸಭಾಗೃಹಗಳನ್ನು ಬಿಟ್ಟುಹೋದರು. ಈಗ ಅಂಥ ಸಭಾಗೃಹಗಳಲ್ಲಿ ಕಾರ್ಯಕ್ರಮಗಳಿಗೆ ಬರವಿಲ್ಲ. ಪುಸ್ತಕ ಬಿಡುಗಡೆ, ತಾಳಮದ್ದಳೆ, ನಾಟಕ ಎಲ್ಲ ನಡೆಯುತ್ತವೆ. ನಡೆಯಲಿ. ಆದರೆ ಕಾರ್ಯಕ್ರಮವೆಂದರೆ ವೇದಿಕೆ, ವೇದಿಕೆಯೆಂದರೆ ಶಾಲು, ಹಾರ, ಫೋಟೋ, ವಂದನಾರ್ಪಣೆ. ಬಂದವರು ಸಾಲು ಕುರ್ಚಿಯಲ್ಲಿ ಎದುರು ನೋಡುತ್ತ ಕೂರುತ್ತಾರೆ, ಪಕ್ಕದವರ ಹೆಸರು ಕೇಳದೆ ಗಾಡಿಗೆ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ.

ವಾರಕ್ಕೊಂದು ಸಂಜೆ ಕಾರ್ಯಕ್ರಮವೇ ಇಲ್ಲದೆ ಬಾಗಿಲು ತೆರೆದಿಡುವುದು ಅಸಾಧ್ಯವೇನಲ್ಲ. ಒಂದು ಕೇರಂ ಬೋರ್ಡು, ಆ ದಿನದ ಕನ್ನಡ ಪತ್ರಿಕೆಗಳು, ಕುರ್ಚಿಗಳನ್ನು ಸಾಲಿನ ಬದಲು ಸುತ್ತ ಹಾಕುವಷ್ಟು ಶ್ರಮ, ಒಂದು ಕೆಟಲ್ ಚಹಾ. ಅಧ್ಯಕ್ಷರು ಬೇಡ, ಅತಿಥಿಗಳು ಬೇಡ. ಸಭಾಗೃಹದ ಒಂದು ಸಂಜೆಯ ಬಾಡಿಗೆ ಹೋಗುತ್ತದೆ, ಖಜಾಂಚಿ ಗೊಣಗುತ್ತಾರೆ. ಅವರ ಗೊಣಗಾಟದಲ್ಲಿ ನ್ಯಾಯವಿದೆ. ಕಟ್ಟಡದ ತೆರಿಗೆ, ವಿದ್ಯುತ್ತು, ಕಾವಲುಗಾರನ ಸಂಬಳ ಯಾವುದೂ ಪುಕ್ಕಟೆ ಬರುವುದಿಲ್ಲ. ಆದರೂ ರಾತ್ರಿ ಶಾಲೆ ನಡೆಸಿದವರು ಲಾಭನಷ್ಟದ ಪಟ್ಟಿ ನೋಡಿ ನಡೆಸಲಿಲ್ಲ. ಡೊಂಬಿವಲಿ, ಠಾಣೆ, ಮೀರಾ ರೋಡ್‌ಗಳ ಚಿಕ್ಕ ಸಂಘಗಳಿಗೆ ಇದು ಇನ್ನೂ ಸುಲಭ, ಯಾಕೆಂದರೆ ಜನ ಇರುವುದು ಅಲ್ಲೇ. ಸಂಘಗಳಿಗೆ ಹೇಳಿದ್ದು ಹೌಸಿಂಗ್ ಸೊಸೈಟಿಗಳಿಗೂ ಸಲ್ಲುತ್ತದೆ. ಹೊಸ ಗೋಪುರದ ಕೆಳಗೆ ಎರಡು ಬೆಂಚು ಹಾಕಿ, 'ಇಲ್ಲಿ ಕೂರಬಾರದು' ಎಂಬ ಬೋರ್ಡು ತೆಗೆಯುವುದಕ್ಕೆ ಸರ್ಕಾರದ ಯೋಜನೆ ಬೇಕಿಲ್ಲ. ಇನ್ನೂ ಕಟ್ಟಬೇಕಾದ ಸಾವಿರಾರು ಕಟ್ಟಡಗಳ ನಕ್ಷೆಯಲ್ಲಿ ಗ್ಯಾಲರಿಗೆ ಬದಲಿಯಾಗಿ ಎಲ್ಲರಿಗೂ ಸೇರಿದ ಒಂದು ಮೂಲೆ ಕಡ್ಡಾಯವಾಗಬೇಕು. ಅದಕ್ಕೆ ಮಾತ್ರ ಸರ್ಕಾರ ಬೇಕು, ಜನರ ಒತ್ತಾಯವೂ ಬೇಕು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ರೈಲು ನಿಂತಿತು, ಊರು ನಿಂತಿತು. ಆ ರಾತ್ರಿ ಸೊಂಟದ ಮಟ್ಟದ ನೀರಿನಲ್ಲಿ ನಡೆದವರಿಗೆ ಗುರುತಿಲ್ಲದವರು ಮನೆ ಬಾಗಿಲು ತೆರೆದರು, ಚಹಾ ಬಿಸ್ಕತ್ತು ಕೊಟ್ಟರು, ಒಣ ಬಟ್ಟೆ ಕೊಟ್ಟರು. ಪತ್ರಿಕೆಗಳು ಅದನ್ನು ಮುಂಬೈಯ ಚೈತನ್ಯ ಎಂದು ಕೊಂಡಾಡಿದವು. ಆ ಚೈತನ್ಯ ಅವತ್ತು ಮಳೆಯ ಜೊತೆ ಆಕಾಶದಿಂದ ಇಳಿದದ್ದಲ್ಲ. ದಿನವೂ ಬೆಂಚಿನ ಮೇಲೆ ಒಂದು ಗೇಣು ಸರಿದು ಸರಿದು ರೂಢಿಯಾದ ಮೈ ಅವತ್ತು ಇನ್ನಷ್ಟು ಸರಿಯಿತು. ಸರಿದು ಕೂರಲು ಬೆಂಚೇ ಇಲ್ಲದ ಊರಿನಲ್ಲಿ ಆ ರೂಢಿ ಎಷ್ಟು ದಿನ ಉಳಿದೀತು?